ಮೊದಲ ಬೇಟೆಗೇ ಕಾಡೆಮ್ಮೆ ಬೇಡ

ವಿರಾಜಪೇಟೆ ತಾಲೂಕಿನ ಕಾಫಿ ಬೆಳೆಗಾರರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮುಂದಿನ ವರ್ಷ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕಾನೂನುಬದ್ಧವಾಗಿ ಒಂದು ಬೇಟೆಯಾಡಬೇಕೆಂಬುದು ಅವರ ಬಹುದಿನದ ಆಸೆ. ಜೊಹಾನ್ಸ್‌ಬರ್ಗ್‌ನಲ್ಲಿರುವ ಗೆಳೆಯರೊಬ್ಬರ ಮೂಲಕ ಅವರಿಗೆ ಒಂದು ದರಪಟ್ಟಿ ಬಂದಿದೆ. ಅದರಲ್ಲಿ ಏಳು ದಿನಗಳಿಗೆ ಒಂದು ಕಾಡೆಮ್ಮೆ ಹಾಗೂ ನಾಲ್ಕು ಬಗೆಯ ಹುಲ್ಲೆಗಳಿವೆ. ಹೆಚ್ಚುವರಿ ಹಣ ಕೊಟ್ಟರೆ ಒಂದು ಹೆಣ್ಣು ಸಿಂಹವೂ ‘ಖಚಿತ’ ಎಂದಿದೆ. ಯಾವ ದೇಶ, ಯಾವ ಕೋವಿ, ಎಷ್ಟು ಕಾಲದ ಸಿದ್ಧತೆ, ಕೊಂಬುಗಳನ್ನು ಮನೆಗೆ ತರಬಹುದೇ, ಹದಿನೈದು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿರುವ ಅವರು, ಕೊನೆಯಲ್ಲಿ ‘ಇದು ಸರಿಯೇ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿ’ ಎಂದಿದ್ದಾರೆ.

ಪ್ರಿಯ ಓದುಗರೇ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಉಳಿದ ಪ್ರಶ್ನೆಗಳಿಗೆ ಕೊಡುವ ಉತ್ತರವೆಲ್ಲ ಅದನ್ನೇ ಅವಲಂಬಿಸಿದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು, ಎಳೆಯಲೇಬೇಕಿತ್ತು. ಕಾಡಂಚಿನ ಜನರಿಗೆ ಪ್ರಾಣಿಯ ಮೇಲೆ ಯಾವ ಹಕ್ಕೂ ಇಲ್ಲದೆ, ಕೋವಿ ಮತ್ತು ಅಧಿಕಾರ ಎರಡೂ ಇದ್ದವರು ಲೆಕ್ಕವಿಲ್ಲದೆ ಕೊಂದ ಕಾಲದ ಕೊನೆಯಲ್ಲಿ ಈ ದೇಶ ಚೀತಾವನ್ನೇ ಕಳೆದುಕೊಂಡಿತ್ತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಕುನೋ ಅರಣ್ಯಕ್ಕೆ ಮೊದಲು ಬಂದಿಳಿದ ಎಂಟು ಚೀತಾಗಳು ಬಂದದ್ದು ನಮೀಬಿಯಾದಿಂದ ಎಂಬುದನ್ನು ಗಮನಿಸಿ. ಆ ದೇಶದ ಚೀತಾಗಳಲ್ಲಿ ಹೆಚ್ಚಿನವು ಇಂದಿಗೂ ಬದುಕಿರುವುದು ರಾಷ್ಟ್ರೀಯ ಉದ್ಯಾನಗಳ ಒಳಗಲ್ಲ. ದನ ಸಾಕುವ, ಜೊತೆಗೆ ಕಾಡುಪ್ರಾಣಿಗಳನ್ನೂ ಉಳಿಸಿಕೊಂಡಿರುವ ಖಾಸಗಿ ಜಮೀನುಗಳಲ್ಲಿ. ಒಂದು ಕಾಲದಲ್ಲಿ ಅಲ್ಲಿಯ ರೈತನಿಗೆ ಕುಡು, ಗೆಮ್ಸ್‌ಬಾಕ್ ಮುಂತಾದ ದೊಡ್ಡ ಹುಲ್ಲೆಗಳು ತನ್ನ ದನದ ಮೇವು ತಿನ್ನುವ ಪೀಡೆಗಳಾಗಿದ್ದವು. 1975ರ ನಿಸರ್ಗ ಸಂರಕ್ಷಣಾ ಕಾನೂನು ಆ ಪ್ರಾಣಿಗಳ ಬಳಕೆಯ ಹಕ್ಕನ್ನು ಜಮೀನಿನ ಒಡೆಯನಿಗೆ ಕೊಟ್ಟಾಗ ಅವು ಅವನಿಗೆ ಕಾಯಬೇಕಾದ ಸಂಪತ್ತಾದವು. ಸ್ವಾತಂತ್ರ್ಯದ ನಂತರ, 1996ರಲ್ಲಿ, ಅದೇ ಹಕ್ಕು ಸಾಮುದಾಯಿಕ ಭೂಮಿಯಲ್ಲಿ ಬದುಕುವ ಕಪ್ಪು ಜನರಿಗೂ ದೊರೆಯಿತು. 1998ರಲ್ಲಿ ನ್ಯೇ ನ್ಯೇ, ಟೊರ್ರಾ ಮೊದಲಾದ ನಾಲ್ಕು ಸಮುದಾಯ ಸಂರಕ್ಷಣಾ ಪ್ರದೇಶಗಳು ನೋಂದಣಿಯಾದವು. ಅಲ್ಲಿ ಅವುಗಳನ್ನು ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಈಗ ಎಂಬತ್ತಕ್ಕೂ ಹೆಚ್ಚು ಕನ್ಸರ್ವೆನ್ಸಿಗಳಿದ್ದು, ದೇಶದ ವಿಸ್ತೀರ್ಣದ ಸುಮಾರು ಐದನೆಯ ಒಂದು ಭಾಗ ಅವುಗಳ ವ್ಯಾಪ್ತಿಯಲ್ಲಿದೆ. ಬೇಟೆಗಾರ ಕೊಟ್ಟ ಹಣ ಹಳ್ಳಿಯ ಸಮಿತಿಗೆ ಹೋಗಿ ಕಾವಲುಗಾರರ ಸಂಬಳವಾಗುತ್ತದೆ, ಮಾಂಸ ಮನೆಮನೆಗೆ ಹಂಚಿಕೆಯಾಗುತ್ತದೆ.

ಇದನ್ನೊಪ್ಪದವರು ಬಹಳ ಮಂದಿ ಇದ್ದಾರೆ, ಅವರ ವಾದವೂ ಹಗುರವಾದದ್ದಲ್ಲ. ಕೆನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿದ್ದು ಇಂದಿಗೂ ಹಾಗೆಯೇ ಉಳಿದಿದೆ. ಬೋಟ್ಸ್‌ವಾನಾ 2014ರಲ್ಲಿ ನಿಲ್ಲಿಸಿ, ಆನೆಗಳ ಹಾವಳಿಗೆ ಸಿಕ್ಕ ಹಳ್ಳಿಗರ ಅಳಲನ್ನು ಕೇಳಿದ ಮೇಲೆ 2019ರಲ್ಲಿ ಮತ್ತೆ ತೆರೆಯಿತು. 2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಹೊರಗೆ ಸೆಸಿಲ್ ಎಂಬ ಸಿಂಹ ಬೇಟೆಗಾರನಿಗೆ ಬಲಿಯಾದಾಗ ಜಗತ್ತೇ ಕೋಪಗೊಂಡದ್ದು ನಿಮಗೆ ನೆನಪಿರಬಹುದು. ನನ್ನ ತೀರ್ಮಾನ ಇಷ್ಟು: ಪ್ರಾಣಿ ನಿಜವಾಗಿ ಕಾಡಿನದ್ದಾಗಿದ್ದು, ಆ ನೆಲದ ಜನ ತಾವೇ ಒಪ್ಪಿ ಅನುಮತಿ ಕೊಟ್ಟಿದ್ದು, ಹಣ ಮತ್ತು ಮಾಂಸ ಅವರ ಕೈ ಸೇರುವುದಾದರೆ ಆ ಬೇಟೆಯನ್ನು ನಾನು ತಪ್ಪೆನ್ನಲಾರೆ. ಈ ಮೂರರಲ್ಲಿ ಒಂದು ತಪ್ಪಿದರೂ ನೀವು ಹೋಗಬಾರದು.

ಆದ್ದರಿಂದ ನಿಮ್ಮ ದರಪಟ್ಟಿಯ ಸಿಂಹದ ಸಾಲನ್ನು ಈಗಲೇ ಹೊಡೆದುಹಾಕಿ. ಕಾಡಿನ ಸಿಂಹವನ್ನು ಅರಸುವವರು ಎರಡು ಮೂರು ವಾರ ಅಲೆದು, ಮರಕ್ಕೆ ಮಾಂಸ ಕಟ್ಟಿ ಕಾದು, ಕೊನೆಗೆ ಬರಿಗೈಯಲ್ಲಿ ಮರಳುವುದುಂಟು. ನಾಲ್ಕು ದಿನದಲ್ಲಿ ಸಿಂಹ ಖಚಿತ ಎಂದು ಯಾರಾದರೂ ಬರೆದುಕೊಟ್ಟರೆ, ಅದು ಬೇಲಿಯೊಳಗೆ ಹುಟ್ಟಿ ಮನುಷ್ಯನ ಕೈಯ ಆಹಾರ ತಿಂದು ಬೆಳೆದ ಪ್ರಾಣಿ ಎಂದೇ ತಿಳಿಯಬೇಕು. ದಕ್ಷಿಣ ಆಫ್ರಿಕಾದಲ್ಲಿ ಇಂಥ ಸಿಂಹಗಳು ಸಾವಿರಾರು ಇವೆ. ಅಲ್ಲಿಯ ವೃತ್ತಿಪರ ಬೇಟೆಗಾರರ ಸಂಘವೇ 2015ರಲ್ಲಿ ಇಂಥ ಸಿಂಹಗಳ ಬೇಟೆಯಿಂದ ದೂರ ಸರಿಯಿತು. 2017ರಲ್ಲಿ ಸಂಘ ಆ ನಿಲುವನ್ನು ಬದಲಿಸಿದಾಗ ಹಲವು ಹಿರಿಯ ಬೇಟೆಗಾರರು ಸದಸ್ಯತ್ವವನ್ನೇ ಬಿಟ್ಟು ಹೊರಬಂದರು. 2021ರಲ್ಲಿ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿಯೂ ಈ ವಹಿವಾಟಿಗೆ ಕೊನೆ ಹಾಡಬೇಕೆಂದು ಶಿಫಾರಸು ಮಾಡಿತು. ನಿಮ್ಮ ಗೆಳೆಯರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಸಾಲು ಇರುವ ಪಟ್ಟಿಯನ್ನು ಕಳುಹಿಸಿದ ವ್ಯವಸ್ಥಾಪಕರೊಂದಿಗೆ ಮುಂದಿನ ಮಾತು ಬೇಡ.

ಇನ್ನು ಕಾಡೆಮ್ಮೆ. ಅಲ್ಲಿಯ ಕಾಡೆಮ್ಮೆ ನಮ್ಮ ಕಾಟಿಯಲ್ಲ. ಏಳುನೂರು ಕಿಲೋ ತೂಗುವ ಗಂಡು, ಕೊಂಬಿನ ಬುಡ ಗಟ್ಟಿಯಾಗಿ ಹಣೆಗೆ ಕಲ್ಲಿನಂತೆ ಕೂಡಿಕೊಂಡ ಮುದಿ ಪ್ರಾಣಿ, ಮೊದಲ ಈಡು ಒಂದು ಗೇಣು ಆಚೀಚೆಯಾದರೆ ಪೊದೆ ಸೇರಿ, ತನ್ನ ಜಾಡು ಹಿಡಿದು ಬರುವವರಿಗಾಗಿ ಕಾಯುತ್ತದೆ. ಆಗ ಮೊದಲು ಅಪಾಯಕ್ಕೆ ಒಡ್ಡಿಕೊಳ್ಳುವವನು ಹಣ ಕೊಟ್ಟು ಬಂದ ನೀವಲ್ಲ, ಮುಂದೆ ಬಗ್ಗಿ ಹೆಜ್ಜೆ ನೋಡುತ್ತ ನಡೆಯುವ ಜಾಡುಗಾರ. ಒಂದು ಪ್ರಾಣಿಯ ಮೇಲೂ ಈಡು ಹೊಡೆದು ಅನುಭವವಿಲ್ಲದವರು ಇನ್ನೊಬ್ಬರ ಜೀವವನ್ನು ಹಾಗೆ ಪಣಕ್ಕಿಡಬಾರದು. ಮೊದಲ ಪ್ರವಾಸದಲ್ಲಿ ಕುಡು, ಗೆಮ್ಸ್‌ಬಾಕ್, ಸ್ಪ್ರಿಂಗ್‌ಬಾಕ್ ಎಂಬ ಸಣ್ಣ ಹುಲ್ಲೆ ಅಥವಾ ವಾರ್ಟ್‌ಹಾಗ್ ಹಂದಿ, ಇವುಗಳಲ್ಲಿ ಎರಡು ಮೂರು ಸಾಕು. ಅದರಲ್ಲಿ ನಿಮ್ಮ ಕೈ, ಮನಸ್ಸು ಎರಡೂ ಹೇಗಿವೆ ಎಂದು ನಿಮಗೇ ತಿಳಿಯುತ್ತದೆ. ಕಾಡೆಮ್ಮೆ ಎರಡನೆಯ ಸಲಕ್ಕಿರಲಿ. ಆಗ ನಮೀಬಿಯಾದ ಈಶಾನ್ಯದ ಜಾಂಬೇಜಿ ಪ್ರಾಂತ್ಯದ ಕನ್ಸರ್ವೆನ್ಸಿಗಳಿಗೋ ಜಿಂಬಾಬ್ವೆಗೋ ಹೋಗಬಹುದು.

ದೇಶದ ಆಯ್ಕೆಯಲ್ಲಿ ನಾನು ನಮೀಬಿಯಾದ ಪರ. ದಕ್ಷಿಣ ಆಫ್ರಿಕಾದಲ್ಲಿ ಎಲ್ಲವೂ ಸುಲಭ, ದರವೂ ಕಡಿಮೆ, ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಮಲೇರಿಯಾದ ಭಯವೂ ಇಲ್ಲ. ಆದರೆ ಅಲ್ಲಿ ಬೇಟೆ ಬಹುಪಾಲು ಎತ್ತರದ ಬೇಲಿಯೊಳಗೆ ನಡೆಯುವುದರಿಂದ, ಒಳ್ಳೆಯ ಜಮೀನನ್ನೂ ಕೆಟ್ಟದ್ದನ್ನೂ ದೂರದಿಂದ ಬೇರ್ಪಡಿಸುವುದು ಹೊಸಬರಿಗೆ ಕಷ್ಟ. ನಮೀಬಿಯಾದಲ್ಲಿ ಬೇಟೆಯ ಋತು ಸಾಮಾನ್ಯವಾಗಿ ಫೆಬ್ರುವರಿಯಿಂದ ವರ್ಷದ ಕೊನೆಯ ತಿಂಗಳುಗಳವರೆಗೆ ಇರುತ್ತದೆ. ಮೇ ಕೊನೆಯಿಂದ ಆಗಸ್ಟ್‌ವರೆಗಿನ ಚಳಿಗಾಲ ನಿಮಗೆ ಸೂಕ್ತ: ಹುಲ್ಲು ಒಣಗಿ ನೋಟ ತೆರೆದಿರುತ್ತದೆ, ಪ್ರಾಣಿಗಳು ನೀರಿನ ಬಳಿಗೆ ಬರುತ್ತವೆ, ಸೊಳ್ಳೆಯೂ ಕಡಿಮೆ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ತೆಳು ಅಂಗಿಗಳನ್ನಷ್ಟೇ ಒಯ್ಯಬೇಡಿ. ವಿಂಡ್‌ಹುಕ್ ಸಮುದ್ರ ಮಟ್ಟದಿಂದ 1,600 ಮೀಟರಿಗೂ ಎತ್ತರದಲ್ಲಿದೆ, ಜೂನ್ ತಿಂಗಳ ಬೆಳಗಿನ ಜಾವ ತೆರೆದ ವಾಹನದಲ್ಲಿ ಕುಳಿತರೆ ಮಡಿಕೇರಿಯ ಚಳಿ ಏನೂ ಅಲ್ಲವೆನಿಸುತ್ತದೆ. ಉತ್ತರದ ಪ್ರಾಂತ್ಯಗಳಿಗೆ ಹೋಗುವುದಾದರೆ ಮಲೇರಿಯಾ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳಿ. ಅಡಿಸ್ ಅಬಾಬಾ ಅಥವಾ ನೈರೋಬಿಯ ಮೂಲಕ ಹಾರುವುದಾದರೆ ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೊತೆಗಿಟ್ಟುಕೊಳ್ಳಿ. ಮರಳಿ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿಯೂ ಅದನ್ನು ಕೇಳಬಹುದು.

ಕೋವಿಯ ವಿಷಯದಲ್ಲಿ ನಿಮ್ಮ ಪತ್ರದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿಯ ವಿನಾಯಿತಿ, ವಿಂಡ್‌ಹುಕ್‌ನ ಪೊಲೀಸರ ಮುಂದೆ ಅದಕ್ಕೆ ಬೆಲೆಯಿಲ್ಲ. ತಾತನ ಕೋವಿ ಮನೆಯ ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲೇ ಇರಲಿ. ಅಲ್ಲಿಯೇ ಬಾಡಿಗೆಗೆ ದೂರದರ್ಶಕ ಕೂಡಿಸಿದ ಒಳ್ಳೆಯ ರೈಫಲ್ ಸಿಗುತ್ತದೆ. ಎರಡು ದೇಶಗಳ ಕಾಗದಪತ್ರ, ವಿಮಾನ ಸಂಸ್ಥೆಯ ನಿಯಮ, ದಾರಿಯಲ್ಲಿ ಪೆಟ್ಟಿಗೆ ತಪ್ಪಿಹೋಗುವ ಚಿಂತೆ ಯಾವುದೂ ಇರುವುದಿಲ್ಲ. ನಮೀಬಿಯಾದ ಕಾನೂನು ಗುಂಡಿನ ಶಕ್ತಿಗೆ ಕನಿಷ್ಠ ಮಿತಿಯನ್ನು ಇಟ್ಟಿದೆ: ಸ್ಪ್ರಿಂಗ್‌ಬಾಕ್‌ಗೆ 1,350 ಜೂಲ್, ಕುಡು ಮತ್ತು ಗೆಮ್ಸ್‌ಬಾಕ್‌ಗೆ 2,700, ಕಾಡೆಮ್ಮೆ ಮತ್ತು ಆನೆಗೆ 5,400. ನೀವು ಹೊರಟಿರುವ ಬೇಟೆಗೆ .308 ಅಥವಾ .30-06 ಅಳತೆಯ ರೈಫಲ್ ಧಾರಾಳವಾಗಿ ಸಾಕು. ಭುಜಕ್ಕೆ ಒದೆಯುವ ದೊಡ್ಡ ಕೋವಿಗೆ ಹೆದರಿ ಕಣ್ಣು ಮುಚ್ಚಿ ಹೊಡೆಯುವುದಕ್ಕಿಂತ, ಒಗ್ಗಿದ ಸಾಧಾರಣ ಕೋವಿಯಿಂದ ಸರಿಯಾದ ಜಾಗಕ್ಕೆ ಹೊಡೆಯುವುದು ಪ್ರಾಣಿಗೂ ಒಳ್ಳೆಯದು.

ಈ ‘ಸರಿಯಾದ ಜಾಗ’ದ ಬಗ್ಗೆ ನಾನು ಸ್ವಲ್ಪ ಹೆಚ್ಚು ಬರೆಯಬೇಕು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ತೆಂಗಿನಕಾಯಿ ಪಂದ್ಯದಲ್ಲಿ ನೀವು ಎರಡು ಸಲ ಗೆದ್ದಿರುವುದು ಸಂತೋಷದ ವಿಷಯ, ಕೈ ಪಳಗಿದೆ. ಆದರೆ ಮರಕ್ಕೆ ಕಟ್ಟಿದ ತೆಂಗಿನಕಾಯಿ ಓಡುವುದಿಲ್ಲ, ಗಾಯಗೊಳ್ಳುವುದೂ ಇಲ್ಲ. ಅಲ್ಲಿ ನೀವು ಎರಡು ಕಿಲೋಮೀಟರ್ ನಡೆದು ಏದುಸಿರು ಬಿಡುತ್ತಿರುವಾಗ ಮಾರ್ಗದರ್ಶಿ ಮೂರು ಕಾಲಿನ ಕೋಲನ್ನು ನಿಮ್ಮ ಮುಂದೆ ಬಿಡಿಸಿ ನಿಲ್ಲಿಸುತ್ತಾನೆ. ಅದರ ಮೇಲೆ ಕೋವಿಯಿಟ್ಟು, ನಿಂತುಕೊಂಡೇ, ನೂರರಿಂದ ನೂರೈವತ್ತು ಮೀಟರ್ ದೂರಕ್ಕೆ, ಕೆಲವೇ ಕ್ಷಣಗಳಲ್ಲಿ ಹೊಡೆಯಬೇಕಾಗುತ್ತದೆ. ಆದ್ದರಿಂದ ಇಂದಿನಿಂದಲೇ ತೋಟದ ಬಿದಿರಿನ ಮೂರು ಗಳುಗಳನ್ನು ತುದಿಯಲ್ಲಿ ಕಟ್ಟಿ, ಗುಂಡು ತುಂಬದ ಕೋವಿಯನ್ನು ಅದರ ಮೇಲಿಟ್ಟು ದಿನವೂ ಕಾಲು ಗಂಟೆ ಗುರಿ ಹಿಡಿಯುವುದನ್ನು ರೂಢಿಸಿಕೊಳ್ಳಿ. ತಿಂಗಳಿಗೊಮ್ಮೆಯಾದರೂ ಮಾನ್ಯತೆ ಪಡೆದ ರೈಫಲ್ ಸಂಘದ ಗುರಿ ಅಂಗಳದಲ್ಲಿ ನಿಜವಾದ ಗುಂಡಿನಿಂದ ಅಭ್ಯಾಸ ಮಾಡಿ. ನೂರು ಮೀಟರಿನಲ್ಲಿ ಊಟದ ತಟ್ಟೆಯಷ್ಟು ಅಗಲದೊಳಗೆ ಐದಕ್ಕೆ ಐದೂ ಬೀಳುವವರೆಗೆ ನೀವು ಸಿದ್ಧರಾಗಿಲ್ಲ ಎಂದೇ ತಿಳಿಯಿರಿ. ಆಫ್ರಿಕಾದ ಹುಲ್ಲೆಗಳ ಹೃದಯ ನಾವು ಊಹಿಸುವುದಕ್ಕಿಂತ ಮುಂದಕ್ಕೂ ಕೆಳಕ್ಕೂ, ಎರಡು ಭುಜಗಳ ನಡುವೆ ಇರುತ್ತದೆ. ಅಡ್ಡಲಾಗಿ ನಿಂತ ಪ್ರಾಣಿಯ ಮುಂಗಾಲಿನ ಗೆರೆಯಲ್ಲೇ ಮೇಲಕ್ಕೆ ಹೋಗಿ, ಎದೆಯ ಎತ್ತರದ ಮೂರನೆಯ ಒಂದು ಭಾಗದಲ್ಲಿ ಗುರಿ ನಿಲ್ಲಬೇಕು. ಭುಜದ ಹಿಂದೆ ಹೊಡೆಯುವ ಅಭ್ಯಾಸವಿದ್ದರೆ ಗುಂಡು ಹೊಟ್ಟೆಗೆ ಬೀಳಬಹುದು, ಆಗ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಅನುಮಾನ ಬಂದರೆ ಕೋವಿಯನ್ನು ಕೆಳಗಿಳಿಸಿ. ಒಳ್ಳೆಯ ಮಾರ್ಗದರ್ಶಿ ಅದಕ್ಕಾಗಿ ನಿಮ್ಮನ್ನು ಗೌರವಿಸುತ್ತಾನೆ.

ಆ ಮಾರ್ಗದರ್ಶಿಯನ್ನು ಹುಡುಕುವುದೇ ಇಡೀ ಯೋಜನೆಯ ಮುಖ್ಯ ಕೆಲಸ. ಅದಕ್ಕೆ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ. ಪರವಾನಗಿ ಪಡೆದ ವೃತ್ತಿಪರ ಬೇಟೆಗಾರನಿಲ್ಲದೆ ವಿದೇಶಿಯರು ಅಲ್ಲಿ ಇಂಥ ಬೇಟೆಯಾಡುವಂತಿಲ್ಲ. ಅಲ್ಲಿಯವರು ಅವನನ್ನು ‘ಪಿ.ಎಚ್.’ ಎಂದು ಕರೆಯುತ್ತಾರೆ. 1974ರಲ್ಲಿ ಸ್ಥಾಪನೆಯಾದ ನಮೀಬಿಯಾ ವೃತ್ತಿಪರ ಬೇಟೆಗಾರರ ಸಂಘದ ಸದಸ್ಯರಲ್ಲಿ ನಾಲ್ಕೈದು ಮಂದಿಗೆ ಪತ್ರ ಬರೆಯಿರಿ. ಜಮೀನಿನ ವಿಸ್ತಾರವೆಷ್ಟು, ಬೇಲಿಯಿದೆಯೇ, ಪ್ರಾಣಿಗಳು ಅಲ್ಲಿಯೇ ಹುಟ್ಟಿದವೇ ಅಥವಾ ಕೊಂಡು ತಂದು ಬಿಟ್ಟವೇ, ಒಂದೇ ಸಮಯದಲ್ಲಿ ಎಷ್ಟು ಬೇಟೆಗಾರರಿರುತ್ತಾರೆ, ನನ್ನ ಜೊತೆ ನಡೆಯುವವರು ನಿಖರವಾಗಿ ಯಾರು, ಮಾಂಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಹಿಂದೆ ಅವರಲ್ಲಿಗೆ ಹೋಗಿ ಬರಿಗೈಯಲ್ಲಿ ಮರಳಿದವರೊಬ್ಬರ ವಿಳಾಸವನ್ನೂ ಕೇಳಿ. ಗೆದ್ದು ಬಂದವರೆಲ್ಲ ಹೊಗಳುತ್ತಾರೆ, ಸೋತು ಬಂದವರ ಮಾತಿನಿಂದಲೇ ವ್ಯವಸ್ಥಾಪಕನ ಗುಣ ತಿಳಿಯುವುದು.

ಹಣದ ಲೆಕ್ಕ ಸರಳವಾದದ್ದು, ಆದರೆ ಮರೆತರೆ ಭಾರ. ದಿನಕ್ಕಿಷ್ಟು ಎಂಬ ದಿನದ ದರ ಒಂದು, ಹೊಡೆದ ಪ್ರತಿ ಪ್ರಾಣಿಗೆ ಇಷ್ಟು ಎಂಬ ಶುಲ್ಕ ಇನ್ನೊಂದು. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಪೂರ್ತಿ ಶುಲ್ಕ ಕೊಡಬೇಕು. ನೆಲದ ಮೇಲೆ ಒಂದು ಹನಿ ರಕ್ತ ಕಂಡರೆ ಅದು ನಿಮ್ಮ ಪ್ರಾಣಿ. ವಿಮಾನದ ಖರ್ಚು, ಬೇಟೆಯ ಹಿಂದುಮುಂದಿನ ರಾತ್ರಿಗಳ ವಸತಿ, ಕೋವಿಯ ಬಾಡಿಗೆ, ಜಾಡುಗಾರರಿಗೂ ಅಡುಗೆಯವರಿಗೂ ಕೊಡುವ ಇನಾಮು ದರಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮುಂಗಡ ಕೊಡುವ ಮೊದಲು, ನೀವು ಹೋಗಲಾಗದಿದ್ದರೆ ಎಷ್ಟು ಮರಳುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೊಂಬುಗಳನ್ನು ತರುವ ಆಸೆಯನ್ನು ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ವನ್ಯಜೀವಿ ಕಾನೂನು, ವಿದೇಶ ವ್ಯಾಪಾರದ ನಿಯಮ, ಪ್ರಾಣಿಜನ್ಯ ವಸ್ತುಗಳ ರೋಗ ತಪಾಸಣೆ, ಸುಂಕ ಇಲಾಖೆ, ಈ ನಾಲ್ಕು ಬಾಗಿಲುಗಳಲ್ಲೂ ಮೊದಲೇ ಲಿಖಿತ ಒಪ್ಪಿಗೆ ಪಡೆಯದೆ ಒಂದು ತುಂಡು ಚರ್ಮವನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಬೇಡಿ. ಬಿಟ್ಟು ಬರುವ ಕೊಂಬಿನಿಂದ ನಿಮ್ಮ ಬೇಟೆ ಕಡಿಮೆಯಾಗುವುದಿಲ್ಲ, ಖರ್ಚು ಮಾತ್ರ ಸಾಕಷ್ಟು ಉಳಿಯುತ್ತದೆ.

ಮಗನನ್ನು ಖಂಡಿತ ಕರೆದುಕೊಂಡು ಹೋಗಿ. ಬೇಟೆಯಾಡದೆ ಜೊತೆಗೆ ಬರುವವರಿಗೆ ದಿನದ ದರ ಕಡಿಮೆ. ಅವನ ಕೈಗೆ ಕೋವಿಯ ಬದಲು ಬೈನಾಕ್ಯುಲರ್ ಕೊಟ್ಟು, ವಾಹನದಲ್ಲಿ ನಿಮ್ಮ ಪಕ್ಕದಲ್ಲಲ್ಲ, ಜಾಡುಗಾರನ ಪಕ್ಕದಲ್ಲಿ ಕೂರಿಸಿ. ನ್ಯೇ ನ್ಯೇಯಲ್ಲಿ ಆ ಕೆಲಸ ಮಾಡುವವರು ಅಲ್ಲಿಯ ಮೂಲನಿವಾಸಿಗಳಾದ ಸಾನ್ ಜನ. ಮರಳಿನ ಮೇಲಿನ ಒಂದು ಗೊರಸಿನ ಗುರುತಿನಿಂದ ಪ್ರಾಣಿ ಯಾವಾಗ ಹೋಯಿತು, ಓಡುತ್ತಿತ್ತೇ ನಡೆಯುತ್ತಿತ್ತೇ ಎಂದು ಹೇಳಬಲ್ಲವರು. ಸಂಜೆ ಮಾಂಸ ಹಂಚುವಾಗಲೂ ಅವನು ಅಲ್ಲಿರಲಿ. ಅಪ್ರಾಪ್ತ ವಯಸ್ಸಿನವನಾದ್ದರಿಂದ ತಂದೆತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರವನ್ನು ಜೊತೆಗೊಯ್ಯಿರಿ. ತಾಯಿ ಬರದಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕು. ಇದಿಲ್ಲದೆ ಜೊಹಾನ್ಸ್‌ಬರ್ಗ್‌ನಲ್ಲಾಗಲಿ ವಿಂಡ್‌ಹುಕ್‌ನಲ್ಲಾಗಲಿ ನಿಮ್ಮನ್ನು ತಡೆಯುವ ಸಾಧ್ಯತೆಯಿದೆ.

ವಂದನೆಗಳೊಂದಿಗೆ,
ಸಂಪಾದಕ