ಫ್ಯಾಸಿಟ್ ಆಮೇಲೆ, ಮೊದಲು ಸ್ಲೈಡ್ ರೂಲ್

ನಮಸ್ಕಾರ. ಹಳೇ ಲೆಕ್ಕದ ಸಾಧನಗಳನ್ನು ಕೂಡಿಸುವ ಆಸೆ ಇದೆ, ಮುಂಬೈಯ ಚೋರ್ ಬಜಾರಿನಲ್ಲಿ ಕೈಯಿಂದ ತಿರುಗಿಸುವ ಫ್ಯಾಸಿಟ್ ಲೆಕ್ಕದ ಯಂತ್ರ ನೋಡಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಅದು ಭಾರ, ಜಾಗ ತಿನ್ನುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಕಡಿಮೆ. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ಯಂತ್ರ ಇಟ್ಟರೆ ಮನೆಯವರೇ ಗುಜರಿಯ ಭಂಗಾರ್‌ವಾಲಾನನ್ನು ಕರೆಯುತ್ತಾರೆ!

ಸ್ಲೈಡ್ ರೂಲಿನಿಂದ ಶುರು ಮಾಡಿ, ಅಂದರೆ ನಡುವಿನ ಪಟ್ಟಿ ಜಾರಿಸಿ ಗುಣಾಕಾರ, ಭಾಗಾಕಾರ ಮಾಡುವ ಅಳತೆಪಟ್ಟಿ. ಒಂದು ಡ್ರಾಯರಿನಲ್ಲಿ ಇಪ್ಪತ್ತು ಹಿಡಿಯುತ್ತವೆ. 1972ರಲ್ಲಿ ಎಚ್‌ಪಿ-35 ಕ್ಯಾಲ್ಕುಲೇಟರ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಇವು ಮೂಲೆ ಸೇರಿದವು. ಅದಕ್ಕೂ ಮೊದಲು ಎಂಜಿನಿಯರಿಂಗ್ ಓದಿದವರ ಮನೆಯಲ್ಲಿ ಇನ್ನೂ ಇರುತ್ತವೆ. ಹಾಗಾಗಿ ಬಜಾರಿಗಿಂತ ಮೊದಲು ನಮ್ಮ ಹಿರಿಯರನ್ನು ಕೇಳಿ. ಮಾಟುಂಗಾ, ಮುಲುಂಡ್ ಕಡೆ ಹಳೇ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋದಾಗ ಅಟ್ಟದ ಸಾಮಾನೆಲ್ಲ ರದ್ದಿಗೆ ಹೋಗುತ್ತದೆ. ಮನೆ ಖಾಲಿ ಮಾಡುವ ಮೊದಲೇ ಒಂದು ಮಾತು ಹಾಕಿಡಿ. ಪೆಟ್ಟಿಗೆ, ಕೈಪಿಡಿ ಸಮೇತ ಕೇಳಿ. ಪೆಟ್ಟಿಗೆಯ ಮೇಲೆ ಯಾರದೋ ಹೆಸರು, ರೋಲ್ ನಂಬರ್ ಕೆತ್ತಿದ್ದರೆ ಉಜ್ಜಿ ತೆಗೆಯಬೇಡಿ.

ಬಜಾರಿಗೆ ಹೋಗುವುದಾದರೆ ಶುಕ್ರವಾರ ಬೆಳಗ್ಗೆ ಬೇಗ ಚೋರ್ ಬಜಾರಿಗೆ ಹೋಗಿ. ಪುಣೆಯವರಿಗೆ ಜುನಾ ಬಜಾರ್ ಇದೆ, ಬುಧವಾರ ಮತ್ತು ಭಾನುವಾರ.

ಕೈಗೆ ಸಿಕ್ಕಾಗ ನೋಡಬೇಕಾದ್ದು ಇಷ್ಟು. ನಡುವಿನ ಪಟ್ಟಿಯನ್ನು ಪೂರ್ತಿ ಒಳಗೆ ತಳ್ಳಿ. ಎಡಗಡೆ ಸಿ (ನಡುವಿನ ಪಟ್ಟಿಯ ಅಂಕಿಸಾಲು) ಮತ್ತು ಡಿ (ಅದರ ಕೆಳಗಿನ ಸಾಲು) ಸ್ಕೇಲಿನ 1 ಒಂದರ ಕೆಳಗೊಂದು ಬರಬೇಕು, ಬಲತುದಿಯಲ್ಲೂ ಹಾಗೇ. ಒಂದು ತುದಿ ಕೂಡಿ ಇನ್ನೊಂದು ತಪ್ಪಿದರೆ ಪಟ್ಟಿ ಕುಗ್ಗಿದೆ, ಬಿಟ್ಟುಬಿಡಿ. ಆಮೇಲೆ ಕರ್ಸರಿನ (ಮೇಲೆ ಜಾರುವ ಪಾರದರ್ಶಕ ತುಂಡಿನ) ಗೆರೆಯನ್ನು ಡಿ ಮೇಲಿನ 3ಕ್ಕೆ ತನ್ನಿ. ಎ ಸ್ಕೇಲಿನಲ್ಲಿ ಅದೇ ಗೆರೆ 9ರ ಮೇಲೆ ಕೂರಬೇಕು, ಏಕೆಂದರೆ ಎ ಅಂದರೆ ಡಿ ಸಂಖ್ಯೆಯ ವರ್ಗ. ಸ್ವಲ್ಪ ಆಚೀಚೆ ಇದ್ದರೆ ಕರ್ಸರಿನ ಸ್ಕ್ರೂ ಸಡಿಲಿಸಿ ಸರಿಮಾಡಬಹುದು. ಕರ್ಸರೇ ಇಲ್ಲ ಅಂದ್ರೆ ಪುಕ್ಕಟೆ ಕೊಟ್ಟರೂ ಯೋಚಿಸಿ, ಬಿಡಿಯಾಗಿ ಸಿಗುವುದು ಕಷ್ಟ.

ಜಪಾನಿನ ಹೆಮ್ಮಿ ಕಂಪನಿಯ ಸ್ಲೈಡ್ ರೂಲ್ ಸಿಕ್ಕರೆ ಬಿಡಬೇಡಿ. ಬಿದಿರಿನ ಮೈ, ಮೇಲೆ ಸೆಲ್ಯುಲಾಯ್ಡ್ ಹಾಳೆ. ಮುಂಬೈಯ ಜುಲೈ ತಿಂಗಳಲ್ಲಿ ಮರದ ಪಟ್ಟಿ ಉಬ್ಬಿ ಬಿಗಿಯಾದರೂ ಬಿದಿರಿನದು ಸಲೀಸಾಗಿ ಜಾರುತ್ತದೆ. ಅದರಲ್ಲಿ ಎರಡು ಚಿಕ್ಕ ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಮೊದಲನೆಯದು ವರ್ಷ, ಎ ಅಂದರೆ 1950, ಎಚ್ ಅಂದರೆ 1957. ಎರಡನೆಯದು ತಿಂಗಳು.

ಒರೆಸಲು ಸ್ಪಿರಿಟ್, ಅಸಿಟೋನ್ ಮುಟ್ಟಲೇಬೇಡಿ. ಅಂಕಿಯ ಬಣ್ಣ ಎದ್ದು ಬರುತ್ತದೆ, ಅಸಿಟೋನ್ ಆದರೆ ಸೆಲ್ಯುಲಾಯ್ಡ್ ಕರಗಿಯೇ ಹೋಗುತ್ತದೆ. ಸೋಪಿನ ನೀರಲ್ಲಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಹಳೇ ಸೆಲ್ಯುಲಾಯ್ಡ್ ಕೊಳೆಯಲು ಶುರುವಾದರೆ ಆಮ್ಲ ಬಿಡುತ್ತದೆ, ಪಕ್ಕದ ಲೋಹಕ್ಕೂ ತುಕ್ಕು ಹಿಡಿಸುತ್ತದೆ. ಹುಳಿ ವಾಸನೆ ಬಂದರೆ ಬೇರೆ ಇಡಿ. ಬಿಸಿಲು, ಬೆಂಕಿ ಎರಡರಿಂದಲೂ ದೂರ. ಡ್ರಾಯರಿನಲ್ಲಿ ಸಿಲಿಕಾ ಜೆಲ್ ಇರಲಿ, ನುಸಿಗುಳಿಗೆ ಬೇಡ.

ಮುಖ್ಯವಾಗಿ, ಬಳಸಿ. ಸಿಯ 1ನ್ನು ಡಿಯ 2ರ ಮೇಲೆ ತನ್ನಿ, ಸಿಯ 3ರ ಕೆಳಗೆ 6 ಕಾಣುತ್ತದೆ. ಗಣಿತಜ್ಞ ನೇಪಿಯರ್ 1614ರಲ್ಲಿ ಕೊಟ್ಟ ಲಾಗರಿದಮ್ ಇದೇ ಅಲ್ವಾ, ಉದ್ದ ಕೂಡಿಸಿದರೆ ಗುಣಾಕಾರ. ದಶಮಾಂಶ ಎಲ್ಲಿ ಬರುತ್ತದೆ ಅನ್ನೋದು ಮಾತ್ರ ನಿಮ್ಮ ತಲೆಯಲ್ಲೇ ಆಗಬೇಕು. ಸುಮ್ನೆ ಗಾಜಿನ ಕಪಾಟಿನಲ್ಲಿ ಇಡುವವರ ಸಂಗ್ರಹ ನನಗೆ ಅಷ್ಟು ಹಿಡಿಸುವುದಿಲ್ಲ.

ಕೈಯಲ್ಲಿ ಹಿಡಿದು ತಿರುಗಿಸುವ ಪುಟ್ಟ ಲೆಕ್ಕದ ಯಂತ್ರ ಕರ್ಟಾ ಬಗ್ಗೆಯೂ ಕೇಳಿದ್ದೀರಿ. ಕರ್ಟ್ ಹೆರ್ಜ್‌ಸ್ಟಾರ್ಕ್ ನಾಜಿಗಳ ಬುಖನ್‌ವಾಲ್ಡ್ ಕ್ಯಾಂಪಿನಲ್ಲಿ ಕೈದಿಯಾಗಿದ್ದಾಗ ಅದರ ನಕ್ಷೆ ಬರೆದ. ಯುದ್ಧದ ನಂತರ ಲಿಕ್ಟನ್‌ಸ್ಟೈನ್‌ನಲ್ಲಿ ತಯಾರಾಯಿತು. ಅದ್ಭುತ ವಸ್ತು, ಆದರೆ ಬೆಲೆ ಹೊಸಬರಿಗಲ್ಲ.

ಇಷ್ಟಾದರೂ ಆ ಫ್ಯಾಸಿಟ್ ಬೇಕೇ ಬೇಕು ಅಂದ್ರೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. 9999 ಹಾಕಿ ಒಂದು ಸುತ್ತು ತಿರುಗಿಸಿ, ನಂತರ 1 ಕೂಡಿಸಿ. 10000 ಸರಿಯಾಗಿ ಬಂದರೆ ದಶಕ ಒಯ್ಯುವ ಹಲ್ಲುಗಳು ಚೆನ್ನಾಗಿವೆ. ಹಿಡಿ ಸಿಕ್ಕಿಕೊಂಡರೆ ಬಲ ಹಾಕಬೇಡಿ, ಬಹಳ ಸಲ ಹಳೇ ಎಣ್ಣೆ ಗೋಂದಾಗಿರುತ್ತದೆ ಅಷ್ಟೇ. ಹಳೇ ಟೈಪ್‌ರೈಟರ್ ಮೆಕ್ಯಾನಿಕ್ ಯಾರಾದರೂ ಗೊತ್ತಿದ್ದರೆ ಅವರಿಗೆ ತೋರಿಸಿ. ದುಡ್ಡು ಕೊಡುವ ಮೊದಲು ಹಿಂದೆ-ಮುಂದೆ ಎರಡೂ ಕಡೆಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.