ಎರಡನೇ ಪುಟದ ಆ ಎರಡು ವಾಕ್ಯ

ನಮಸ್ಕಾರ.

ನಿಮ್ಮ ಲೇಖನ 'ಮನೆಯ ತೀರ್ಮಾನ ಯಾರದ್ದು?' ಓದಿದೆ. ಭಾಷೆ ಚೊಕ್ಕ ಉಂಟು, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪುಟದ ಎರಡು ವಾಕ್ಯಗಳಿಗೆ ನನ್ನ ತಕರಾರು ಉಂಟು.

ಮೊದಲನೆಯದು: "ಸಾಮಾನ್ಯವಾಗಿ ಗಂಡಸರು ಧೈರ್ಯದಿಂದ, ಹೆಂಗಸರು ಹಿಂಜರಿಕೆಯಿಂದ ನಿರ್ಧರಿಸುತ್ತಾರೆ." ಉಡುಪಿಯಲ್ಲಿ ಕೂತು ಬರೆದದ್ದಾ ಮಾರಾಯ್ರೆ ಇದು? ಮಲ್ಪೆ ಬಂದರಿನ ಏಲಂ ನೋಡಿ. ಮೀನು ಮಾರುವ ಹೆಂಗಸು ಕಿವಿರು ಎತ್ತಿ ನೋಡಿ, ಐಸಿನ ಖರ್ಚು, ರಿಕ್ಷಾ ಬಾಡಿಗೆ ಕಳೆದು, ಸಂಜೆಯೊಳಗೆ ಎಷ್ಟು ಖಾಲಿಯಾದೀತೆಂದು ಅಂದಾಜಿಸಿ ದರ ಕೂಗುತ್ತಾಳೆ. ಉಳಿದರೆ ನಷ್ಟ ಅವಳದ್ದೇ.

ನಾನು ಕೆಲಸ ಕಲಿತ ಡೆಸ್ಕಿನಲ್ಲಿ ಇಂಥ 'ಸಾಮಾನ್ಯವಾಗಿ' ಕಂಡರೆ ಹಿರಿಯರು ಪಕ್ಕದಲ್ಲಿ 'ಎಲ್ಲಿ? ಯಾರು?' ಎಂದು ಗೀಚಿ ವಾಪಸ್ ಕೊಡುತ್ತಿದ್ದರು. ನಿಮಗೂ ಅದೇ ಪ್ರಶ್ನೆ. ಅರ್ಥಶಾಸ್ತ್ರಜ್ಞ ಯೂರಿ ಗ್ನೀಜಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಓದಿ. 3 ಮೀಟರ್ ದೂರದ ಬಕೆಟಿಗೆ 10 ಸಲ ಚೆಂಡು ಎಸೆಯಬೇಕು. ಬಿದ್ದ ಚೆಂಡಿಗೆ ಇಷ್ಟು ಎಂದು ಹಣ ಪಡೆಯಬಹುದು, ಇಲ್ಲವೇ ಎದುರಾಳಿಯನ್ನು ಸೋಲಿಸಿ ಮೂರು ಪಟ್ಟು ಗೆಲ್ಲಬಹುದು. ಪಿತೃಪ್ರಧಾನರಾದ ತಾಂಜಾನಿಯಾದ ಮಸಾಯಿಗಳಲ್ಲಿ ಸ್ಪರ್ಧೆ ಆರಿಸಿದವರು ಗಂಡಸರಲ್ಲಿ ಶೇ. 50, ಹೆಂಗಸರಲ್ಲಿ ಶೇ. 26. ಮಾತೃವಂಶೀಯರಾದ ಮೇಘಾಲಯದ ಖಾಸಿಗಳಲ್ಲಿ ಹೆಂಗಸರು ಶೇ. 54, ಗಂಡಸರು ಶೇ. 39.

ಹಾಗೆಂದು "ನಮ್ಮ ಅಳಿಯಸಂತಾನವೂ ಹಾಗೆಯೇ" ಎಂದು ಸೇರಿಸಲು ಹೋಗಬೇಡಿ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ. ಇಲ್ಲಿ ವಂಶ ತಾಯಿಯ ಕಡೆಯಿಂದ, ಆದರೆ ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದು. ಯಜಮಾನ್ತಿಯೂ ಇದ್ದದ್ದುಂಟು. ಒಬ್ಬ ಸದಸ್ಯ ಹಟ ಹಿಡಿದು ಪಾಲು ಕೇಳುವಂತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆಯೇ ಕವರಿಗೆ, ಎಂದರೆ ಕುಟುಂಬದೊಳಗಿನ ತಾಯಿ ಕಡೆಯ ಒಂದು ಕವಲಿಗೆ, ಆ ಹಕ್ಕು ಸಿಕ್ಕಿದ್ದು. ಎಂದರೆ ನೀವು 'ಸ್ವಭಾವ' ಎನ್ನುವುದರಲ್ಲಿ ಎಷ್ಟೋ ಪಾಲು ಆಸ್ತಿಯ ನಿಯಮ. ಆದ್ದರಿಂದ ಪ್ರತಿ ಉದಾಹರಣೆಯಲ್ಲೂ ಬಿಡಿಸಿ ಬರೆಯಿರಿ: ಮಾತು ಎತ್ತಿದವರು ಯಾರು, ಬೇಡವೆಂದು ತಡೆಯಬಲ್ಲವರು ಯಾರು, ಸಹಿ ಯಾರದ್ದು, ತಪ್ಪಿದರೆ ಹಣ ಹೋಗುವುದು ಯಾರದ್ದು. ನಾಲ್ಕೂ ಒಬ್ಬರದ್ದೇ ಆಗಿರುವುದು ಅಪರೂಪ.

ಎರಡನೆಯದು: "ವಯಸ್ಸಾದಂತೆ ಜನ ರಿಸ್ಕ್ ತೆಗೆದುಕೊಳ್ಳುವುದಿಲ್ಲ." ಇದನ್ನೂ ಹೊಡೆದುಹಾಕಿ. ಮನೋವಿಜ್ಞಾನಿ ರುಯಿ ಮಾಟಾ ಮತ್ತಿತರರು 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಲಾಭವೆಷ್ಟು, ಅದು ಸಿಗುವ ಸಂಭವವೆಷ್ಟು ಎಂದು ಮೊದಲೇ ಬರೆದು ಕೊಟ್ಟಾಗ ಹಿರಿಯರಿಗೂ ಕಿರಿಯರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆಡುತ್ತಾ ಆಡುತ್ತಾ ಕಲಿಯಬೇಕಾದಾಗ ವ್ಯತ್ಯಾಸ ಬರುತ್ತದೆ, ಅದೂ ಎರಡೂ ದಿಕ್ಕಿಗೆ: ಕಲಿತಷ್ಟೂ ಎಚ್ಚರ ಬೇಕಾದ ಆಟದಲ್ಲಿ ಹಿರಿಯರೇ ಹೆಚ್ಚು ರಿಸ್ಕಿಗೆ ಬಿದ್ದರು. ಅಲ್ಲಿ ಕೈಕೊಟ್ಟದ್ದು ಧೈರ್ಯವಲ್ಲ, ಹೊಸದನ್ನು ಕಲಿಯುವ ವೇಗ. ನಿಮ್ಮ ಲೇಖನದ ಅಜ್ಜ ಷೇರು ಬೇಡವೆಂದದ್ದು ಹೆದರಿಯೋ, ಮೊಬೈಲ್ ಆ್ಯಪ್ ಅರ್ಥವಾಗದೆಯೋ? ಹೋಗಿ ಅವರನ್ನೇ ಕೇಳಿ, ಉತ್ತರ ಸೇರಿಸಿ ಕಳುಹಿಸಿ. ಉಳಿದ ಪುಟಗಳನ್ನು ಆಮೇಲೆ ನೋಡುತ್ತೇನೆ.

— ಸಂಪಾದಕ