47 ವರ್ಷ, ಮನೆಯಲ್ಲೇ ಆನ್‌ಲೈನ್ ವ್ಯಾಯಾಮ ಮಾಡಿ ಮೂರು ತಿಂಗಳಲ್ಲಿ 10 ಕೆ.ಜಿ. ಇಳಿಸಬೇಕು. ಯಾವ ಆ್ಯಪ್ ಒಳ್ಳೆಯದು?

ಇದೇ ವಯಸ್ಸಿನಲ್ಲಿ ನಾನೂ ಹದಿನೈದು ದಿನ ಆ್ಯಪ್ ಹುಡುಕಿದ್ದೆ. ಫೋನ್ ಎಲ್ಲಿಡಬೇಕು ಅನ್ನುವುದನ್ನು ಮಾತ್ರ ಯೋಚಿಸಲಿಲ್ಲ. ಪೆಟ್ಟು ಬಿದ್ದಿದ್ದು ಅಲ್ಲೇ.

ಟಿ.ವಿ. ಸ್ಟ್ಯಾಂಡಿಗೆ ಫೋನ್ ಒರಗಿಸಿ ಹತ್ತಿರವೇ ನಿಲ್ಲುತ್ತಿದ್ದೆ. ಲೈವ್ ವಿಡಿಯೊ ಕ್ಲಾಸಿನಲ್ಲಿ ಹೇಳಿಕೊಡುವವರಿಗೆ ಕಾಣುತ್ತಿದ್ದುದು ಸೊಂಟದಿಂದ ಮೇಲೆ ಅಷ್ಟೇ. ಸ್ಕ್ವಾಟ್ (ಕುರ್ಚಿಯಲ್ಲಿ ಕೂರುವಂತೆ ಮಂಡಿ ಮಡಚಿ ಏಳುವುದು) ಮಾಡುವಾಗ ನನ್ನ ಮಂಡಿಗಳು ಒಳಕ್ಕೆ ವಾಲುತ್ತಿದ್ದವು, ಹಿಮ್ಮಡಿ ನೆಲ ಬಿಡುತ್ತಿತ್ತು. ಪೃಷ್ಠದ ಸ್ನಾಯುಗಳಲ್ಲಿ ಬಲ ಸಾಲದಿದ್ದರೆ ಮಂಡಿ ಹಾಗೆ ವಾಲಬಹುದು, ಮಂಡಿಚಿಪ್ಪಿನ ಮೇಲೆ ಒತ್ತಡ ಏರಬಹುದು. ಅದರ ಮೇಲೆ ಗ್ರಾನೈಟ್ ನೆಲದಲ್ಲಿ ಬರಿಗಾಲಲ್ಲಿ ದಿನಾ ಜಂಪಿಂಗ್ ಜ್ಯಾಕ್, ಅಂದರೆ ಕೈಕಾಲು ಅಗಲಿಸಿ ಜಿಗಿಯುವುದು. ಆರನೇ ವಾರಕ್ಕೆ ಮೆಟ್ಟಿಲು ಇಳಿಯಲಾಗಲಿಲ್ಲ. ಕಾಲು ಕಂಡಿದ್ದರೆ ಮೊದಲ ದಿನವೇ ತಿದ್ದಬಹುದಾದ ತಪ್ಪು ಅದು.

ಹಾಗಾಗಿ ಫೋನನ್ನು ಕುರ್ಚಿಯ ಸೀಟಿನ ಎತ್ತರಕ್ಕೆ, 7–8 ಅಡಿ ದೂರದಲ್ಲಿ, ನೆಟ್ಟಗೆ ನಿಲ್ಲಿಸಿ. ನೀವು ಸ್ವಲ್ಪ ಓರೆಯಾಗಿ ನಿಲ್ಲಿ. ಮಂಡಿ ವಾಲುವುದೂ ಹಿಮ್ಮಡಿ ಏಳುವುದೂ ಎರಡೂ ಕಾಣುತ್ತವೆ. ಬೆನ್ನ ಹಿಂದೆ ಕಿಟಕಿ ಬೇಡ, ಬರೀ ಕಪ್ಪು ಆಕೃತಿ ಕಾಣುತ್ತದೆ. ಒಂದೇ ಸಲ ಅರವತ್ತು ಜನರನ್ನು ಕೂಡಿಸುವ ಕ್ಲಾಸಿಗೆ ಸೇರಬೇಡಿ, ಎಂಟು–ಹತ್ತು ಜನ ಸಾಕು. ಸೇರುವ ಮುಂಚೆ ಬಿ.ಪಿ., ಥೈರಾಯ್ಡ್, ಮಂಡಿನೋವು ಇದೆಯಾ ಅಂತ ಕೇಳದವರಿಗೆ ದುಡ್ಡು ಕೊಡಬೇಡಿ.

ಇನ್ನು ಆ 10 ಕೆ.ಜಿ. ಲೆಕ್ಕ ಬಿಟ್ಟುಬಿಡಿ. 65 ಕೆ.ಜಿ. ಇರುವವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 200 ಕ್ಯಾಲೊರಿ. ಒಂದು ಮಸಾಲೆ ದೋಸೆಯಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ವ್ಯಾಯಾಮವೊಂದರಿಂದಲೇ ತೂಕ ಅಷ್ಟು ಬೇಗ ಇಳಿಯುವುದಿಲ್ಲ. ಊಟ ಬಿಟ್ಟು ಇಳಿಸಿದರೆ ಸ್ನಾಯುವೂ ಕರಗುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅದನ್ನು ಮತ್ತೆ ಬೆಳೆಸುವುದು ಕಷ್ಟ. ಹೊಟ್ಟೆಯ ಸುತ್ತ ಕೊಬ್ಬು ಸೇರುವುದೂ ಇದೇ ಸಮಯದಲ್ಲಿ. ಅದಕ್ಕೇ ತಕ್ಕಡಿಗಿಂತ ಟೇಪ್ ನಂಬಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೊದಲನೆಯದಕ್ಕೆ ನಡಿಗೆ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ. ಎರಡನೆಯದಕ್ಕೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಪುಷ್‌ಅಪ್, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಮುಂದಕ್ಕೆ ಬಾಗಿ ಒಂದೊಂದು ಲೀಟರಿನ ನೀರಿನ ಬಾಟಲಿಗಳನ್ನು ಪಕ್ಕೆಯತ್ತ ಎಳೆಯುವುದು. ಪ್ರತಿಯೊಂದೂ 10ರಂತೆ ಎರಡು ಸುತ್ತು. 15 ಸುಲಭವಾದರೆ ಭಾರ ಏರಿಸಿ. ಅದೇ ಬಾಟಲಿ ವರ್ಷವಿಡೀ ಹಿಡಿದರೆ ಸ್ನಾಯುವಿಗೆ ಹೊಸ ಕೆಲಸವೇ ಇರುವುದಿಲ್ಲ. ಕುರ್ಚಿಗೆ ಚಕ್ರ ಇರಬಾರದು, ಹಿಂಬದಿ ಗೋಡೆಗೆ ತಾಗಿರಲಿ.

ಊಟದಲ್ಲಿ ತಿಳಿಸಾರನ್ನು ಪ್ರೋಟೀನ್ ಅಂತ ಲೆಕ್ಕ ಹಾಕಬೇಡಿ, ಅದರಲ್ಲಿ ಬೇಳೆ ಕಡಿಮೆ. ಗಟ್ಟಿ ತೊವ್ವೆ, ಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ, ಇವುಗಳಲ್ಲಿ ಒಂದಾದರೂ ಪ್ರತಿ ಊಟದಲ್ಲಿರಲಿ. ವ್ಯಾಯಾಮದ ಮಾರನೆಯ ದಿನ ತೊಡೆ ನೊಂದರೆ ಪರವಾಗಿಲ್ಲ. ಮಂಡಿಯೊಳಗೆ ಚುಚ್ಚಿದರೆ ಅಥವಾ ಊದಿದರೆ ಅವತ್ತೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ನಾನು ನಿಲ್ಲಿಸದೆ ಇನ್ನೂ ಹತ್ತು ದಿನ ಕುಣಿದೆ, ಮೂರು ತಿಂಗಳು ಕುಂಟಿದೆ.